ಮೆಚ್ಚಿನ ಪುಸ್ತಕ ಯಾವುದೆಂದು ನನ್ನನ್ನೇಕೆ ಕೇಳುತ್ತೀರಿ?

ಆಗಸ್ಟ್ ಹತ್ತಿರವಾದರೆ ಸಾಕು, ಚಿಕ್ಕಬಳ್ಳಾಪುರ ಜಿಲ್ಲೆಯಿಂದ ನನಗೆ ಬರುವ ಪತ್ರಗಳದ್ದೆಲ್ಲ ಒಂದೇ ರಾಗ: ವಿದೇಶದ ಕಾಲೇಜಿನ ಅರ್ಜಿಯ ಜೊತೆ ಕಳಿಸುವ ಪ್ರಬಂಧದಲ್ಲಿ ಯಾವ ಪುಸ್ತಕ ಮೆಚ್ಚಿನದೆಂದು ಬರೆಯಲಿ? ಹೋದ ವರ್ಷ ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದೇನೆ. ಈ ಸಲವಾದರೂ ತೆಗೆದಿಟ್ಟುಕೊಳ್ಳಿ.

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದೇನೆ. ನನಗೆ ಇಷ್ಟವಾದ ಪುಸ್ತಕ ‘ಕರ್ವಾಲೊ’. ಕನ್ನಡ ಪುಸ್ತಕ ಅಲ್ಲಿಯವರಿಗೆ ಗೊತ್ತಿರುವುದಿಲ್ಲ, ಹೆಸರಾಂತ ಇಂಗ್ಲಿಷ್ ಪುಸ್ತಕದ ಬಗ್ಗೆಯೇ ಬರೆ ಎಂದು ಸಲಹಾ ಕೇಂದ್ರದವರು ಹೇಳುತ್ತಾರೆ. ಏನು ಮಾಡಲಿ? — ಶಿಡ್ಲಘಟ್ಟದ ವಿದ್ಯಾರ್ಥಿ

ಮೊದಲು ಆ ಕೇಂದ್ರಕ್ಕೆ ಕಟ್ಟಬೇಕಾದ ಎರಡನೇ ಕಂತನ್ನು ನಿಲ್ಲಿಸಿ. ಓದದ ಪುಸ್ತಕವನ್ನು ಮೆಚ್ಚಿದಂತೆ ನಟಿಸುವುದಕ್ಕೆ ದುಡ್ಡು ಬೇರೆ ಕೊಡಬೇಕೇ? ಪ್ರಬಂಧ ಓದುವವರು ನಿಮ್ಮ ಪುಸ್ತಕವನ್ನು ಓದಿರಬೇಕಾಗಿಲ್ಲ. ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ ಕಾದಂಬರಿ, ಒಬ್ಬ ವಿಜ್ಞಾನಿ ಹಳ್ಳಿಗರ ಜೊತೆ ಹಾರುವ ಓತಿಯನ್ನು ಹುಡುಕುತ್ತಾ ಕಾಡಿಗೆ ಹೋಗುವ ಕಥೆ. ಇಷ್ಟು ಪರಿಚಯ ಸಾಕು.

ನೀವೆಲ್ಲ ಎಡವುವುದು ಇದರ ಮುಂದೆ. ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ ಕಾಮನ್ ಆ್ಯಪ್. ಅದರ ಪ್ರಬಂಧಕ್ಕೆ 650 ಪದಗಳ ಮಿತಿಯಿದೆ. ಹೋದ ವರ್ಷ ಒಬ್ಬ ಹುಡುಗಿ ಇದೇ ಕಾದಂಬರಿಯ ಬಗ್ಗೆ ಬರೆದು ತಂದಿದ್ದಳು. ಸುಮಾರು ಐನೂರು ಪದ ಕಥೆಯ ಸಾರಾಂಶ, ಕೊನೆಗೆ ‘ಈ ಪುಸ್ತಕ ನನಗೆ ಪ್ರಕೃತಿಪ್ರೇಮ ಕಲಿಸಿತು’ ಎಂಬ ಸಾಲು. ಪರೀಕ್ಷೆಯ ಹತ್ತು ಅಂಕದ ಉತ್ತರ ಅದು! ಅಷ್ಟನ್ನೂ ಕೆಂಪು ಶಾಯಿಯಲ್ಲಿ ಹೊಡೆದು ಕೇಳಿದೆ: ‘ಪುಸ್ತಕ ಮುಚ್ಚಿಟ್ಟ ಮೇಲೆ ಏನು ಮಾಡಿದೆಯಮ್ಮ?’

ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು. ಅವರದು ರೇಷ್ಮೆ ಹುಳು ಸಾಕುವ ಮನೆ. ಚಿಕ್ಕಂದಿನಿಂದ ಸೊಪ್ಪು ಹಾಕುತ್ತಿದ್ದವಳು ಹುಳುವನ್ನು ಸರಿಯಾಗಿ ನೋಡಿಯೇ ಇರಲಿಲ್ಲವಂತೆ. ಒಂದು ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಹುಳುಗಳು ತಲೆ ಎತ್ತಿಕೊಂಡು ಅಲುಗಾಡದೆ ನಿಂತಿವೆ. ಸೊಪ್ಪು ಹಾಕಲು ಹೋದವಳನ್ನು ಅಪ್ಪ ತಡೆದರು: ‘ಜ್ವರಕ್ಕೆ ಕೂತಿವೆ, ಈಗ ತಿನ್ನುವುದಿಲ್ಲ.’ ಪೊರೆ ಬಿಡುವ ಆ ಹೊತ್ತಿಗೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದು ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಜ್ವರ ಏಳಬೇಕು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಅಪ್ಪನಿಗೆ ಇದೆಲ್ಲ ಹೇಗೆ ಗೊತ್ತು ಎಂದು ಯೋಚಿಸುವಾಗ ಅವಳಿಗೆ ಕಾದಂಬರಿಯ ಮಂದಣ್ಣ ನೆನಪಾದನಂತೆ. ಊರಿನವರ ಕಣ್ಣಿಗೆ ಅಬ್ಬೇಪಾರಿಯಾದ ಅವನ ಮಾತಿಗೆ ವಿಜ್ಞಾನಿ ಕಿವಿಗೊಡುತ್ತಾನಲ್ಲ!

ಅದನ್ನೇ ಬರೆಸಿದೆ. ಪುಸ್ತಕಕ್ಕೆ ನಾಲ್ಕು ಸಾಲು, ಉಳಿದದ್ದೆಲ್ಲ ಟಾರ್ಚು, ಹುಳು, ಅಪ್ಪ. ಸೀಟು ಸಿಕ್ಕಿತೇ ಎಂದು ಕೇಳಬೇಡಿ, ಪ್ರಬಂಧವೊಂದರಿಂದಲೇ ಯಾರಿಗೂ ಸೀಟು ಸಿಗುವುದಿಲ್ಲ. ಸಿಗುತ್ತದೆ ಎಂದು ಗ್ಯಾರಂಟಿ ಕೊಡುವವನು ಮೋಸಗಾರ.

ಪ್ರಬಂಧವನ್ನು ಚಾಟ್‌ಜಿಪಿಟಿಯಿಂದ ಬರೆಸಬಹುದೇ?

ಬೇಡ. ಅದನ್ನು ಸ್ವಂತದ್ದೆಂದು ಕಳಿಸುವುದು ಕಾಮನ್ ಆ್ಯಪ್ ನಿಯಮದಲ್ಲೇ ವಂಚನೆ.

ಸಿಇಟಿಗೂ ಪ್ರಬಂಧ ಬೇಕೇ?

ಇಲ್ಲ, ಅಲ್ಲಿ ನೋಡುವುದು ರ‍್ಯಾಂಕ್.

ಅದೇ ಪ್ರಬಂಧವನ್ನು ಬ್ರಿಟನ್ನಿಗೂ ಕಳಿಸಬಹುದೇ?

ಆಗದು. ಅಲ್ಲಿ 2026ರ ಪ್ರವೇಶದಿಂದ ಮೂರು ಪ್ರಶ್ನೆಗಳಿವೆ, ಎಲ್ಲ ಉತ್ತರ ಸೇರಿ 4,000 ಅಕ್ಷರ. ನೀವು ಓದಲು ಹೊರಟ ವಿಷಯಕ್ಕೆ ಸಂಬಂಧಿಸದ ಹವ್ಯಾಸಕ್ಕೆ ಅಲ್ಲಿ ಹೆಚ್ಚು ಜಾಗ ಕೊಡಬೇಡಿ.

ನನಗೆ ಓದುವ ಹವ್ಯಾಸವಿಲ್ಲ. ಚಿಕ್ಕಪ್ಪನ ಅಂಗಡಿಯಲ್ಲಿ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುತ್ತೇನೆ. ಯಾವ ಪುಸ್ತಕದ ಹೆಸರು ಹಾಕಲಿ? — ಚಿಂತಾಮಣಿಯ ಓದುಗ

ಯಾವುದನ್ನೂ ಹಾಕಬೇಡಿ. ಸುಟ್ಟ ಕಾಯಿಲ್ ಬಿಚ್ಚುವಾಗ ಎಷ್ಟು ಸುತ್ತು ಇತ್ತೆಂದು ಎಣಿಸಿ ಬರೆದಿಟ್ಟುಕೊಳ್ಳುತ್ತೀರಲ್ಲ, ಅಲ್ಲಿಂದ ಆರಂಭಿಸಿ.