‘ನಾ ಆಡಿಲ್ರಿ, ಆಡಿಸೀನ್ರಿ’

ಈ ಹುಡುಗನ ಹೆಸರು, ಊರು ಯಾವುದನ್ನೂ ಹೇಳುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಹೇಳುವಂತೆಯೂ ಇಲ್ಲ. ಆದರೆ ಮುಂಬೈಗೆ ಕಟ್ಟಡ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ಮನೆಗಳಲ್ಲಿ ಇಂಥ ಮಕ್ಕಳನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ.

ವಯಸ್ಸು 15. ಗೆಳೆಯನ ಜೊತೆ ಸೇರಿ ಮೂರು ಸೈಕಲ್ ಕದ್ದಿದ್ದ. ರಾತ್ರಿಯೆಲ್ಲ ಓಡಿಸಿ, ಬೆಳಿಗ್ಗೆ ಗುಜರಿಗೆ ಮಾರುತ್ತಿದ್ದರು. ಬಾಲನ್ಯಾಯ ಮಂಡಳಿ ಅವನನ್ನು ತಾಯಿಯ ಜೊತೆ ಮನೆಗೆ ಕಳಿಸಿ, ನನ್ನ ಬಳಿ ಆಪ್ತಸಲಹೆಗೆ ಬರಲು ಹೇಳಿತ್ತು. ಇಂಥ ಮಕ್ಕಳನ್ನು ವಿಚಾರಣೆ ಮುಗಿಯುವವರೆಗೆ ಇಡುವ, ಮುಂಬೈನ ಡೋಂಗ್ರಿಯ ರಿಮಾಂಡ್ ಹೋಮ್ ಹೆಸರು ಕೇಳಿಯೇ ತಾಯಿ ನಡುಗುತ್ತಿದ್ದರು. ಮಗುವನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ, ಇಂಥ ಸಣ್ಣ ಅಪರಾಧದ ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು ಎಂದು ಬಿಡಿಸಿ ಹೇಳಿದೆ. ಆಮೇಲೆ ಸ್ವಲ್ಪ ಉಸಿರಾಡಿದರು.

“ಭಾಳ ಶಾಣ್ಯಾ ಇದ್ದನ್ರಿ ಅಕ್ಕಾರ. ಸಣ್ಣಾಂವ ಇದ್ದಾಗ ಒಂದ್ ದಿನಾನೂ ಆಡಾಕ ಹೋಗಲಿಲ್ಲ,” ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಮೂರನೇ ಭೇಟಿಯಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದೆ. ನಾಲ್ಕು ಕವಡೆ, ನನಗೆ ಹುಣಸೆಬೀಜ, ಅವನಿಗೆ ಕಲ್ಲು. ಆಟ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ನನ್ನ ಕಾಯಿ ಕಡಿಯುವ ಅವಕಾಶ ಬಂದಾಗಲೆಲ್ಲ ಬೇರೆ ಕಾಯಿ ನಡೆಸುತ್ತಿದ್ದ. ಒಂದಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ, ಅಲ್ವಾ? ಸುಮ್ನೆ ಹೊರಗೇ ಸುತ್ತುತ್ತಿದ್ದ.

“ಯಾಕೋ ಕಡಿಯಲ್ಲ?”

“ಕಡದ್ರ ಅಳ್ತಾರಲ್ರಿ.”

“ಯಾರು?”

“ತಂಗಿ, ತಮ್ಮ. ಅವರು ಅತ್ರ ಅವ್ವಗ ಕೆಲಸ ಆಗಲ್ಲ. ಅದಕ್ಕ ಸೋತು ಬಿಡ್ತೀನಿ.”

ಸ್ವಲ್ಪ ಹೊತ್ತು ಕವಡೆ ಕೈಯಲ್ಲೇ ಆಡಿಸುತ್ತಾ ಕೂತಿದ್ದ. ಹಾಗಾದರೆ ನೀನು ಎಷ್ಟೋ ಆಟ ಆಡಿದ್ದೀಯಲ್ಲ ಎಂದೆ. ತಲೆ ಎತ್ತಿ ಹೇಳಿದ: “ನಾ ಆಡಿಲ್ರಿ. ಆಡಿಸೀನ್ರಿ.”

ಏಳನೇ ವಯಸ್ಸಿನಿಂದ ಸೊಂಟದ ಮೇಲೆ ಒಂದು ಮಗು ಹೊತ್ತುಕೊಂಡೇ ಬೆಳೆದವನು. ಯಾರೂ ಹೊಡೆದಿಲ್ಲ, ಉಪವಾಸ ಹಾಕಿಲ್ಲ. ತಂದೆತಾಯಿ ಬೆಳಗಾಗುವ ಮೊದಲೇ, ದಿನಗೂಲಿಗೆ ಆಳು ಕರೆದೊಯ್ಯುವ ನಾಕಾಕ್ಕೆ ಹೋಗಿ ಕತ್ತಲಾದ ಮೇಲೆ ಬರುವವರು. ಅವರನ್ನು ಕೆಟ್ಟವರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ಹುಡುಗನ ಬಾಲ್ಯ ಯಾರ ಕಣ್ಣಿಗೂ ಬೀಳದೆ ಕಳೆದುಹೋಗಿತ್ತು.

ನಾನು ಕೊಟ್ಟ ಸಲಹೆ ಎರಡು. ಸೈಕಲ್ ಕಳೆದುಕೊಂಡ ಮನೆಗಳಿಗೆ ತಂದೆಯ ಜೊತೆ ಹೋಗಿ ತಪ್ಪಾಯಿತು ಎನ್ನಬೇಕು. ಮತ್ತೆ, ಸಂಜೆ ಐದರಿಂದ ಏಳರವರೆಗೆ ಮೈದಾನಕ್ಕೆ ಹೋಗಬೇಕು, ಕಂಕುಳಲ್ಲಿ ಮಗು ಇಲ್ಲದೆ. ಆ ಹೊತ್ತಿನಲ್ಲಿ ಯಾರೂ ಅವನನ್ನು ಕರೆಯಬಾರದು.

ಕದ್ದವನಿಗೆ ಆಟದ ಬಹುಮಾನವಾ ಎಂದು ಜೊತೆಯ ಸಲಹೆಗಾರರೊಬ್ಬರು ಕೇಳಿದರು. ಬಹುಮಾನ ಅಲ್ಲ. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ಕಲಂನಲ್ಲಿ ಆಟವೂ ಮಗುವಿನ ಹಕ್ಕು. ಆಡದ ಮಕ್ಕಳೆಲ್ಲ ಕಳ್ಳರಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಗೆಲ್ಲುವುದು, ನಿಜವಾಗಿ ಸೋಲುವುದು, ‘ಸಾಕು’ ಅನ್ನುವುದು ಇವನಿಗೆ ಗೊತ್ತೇ ಇರಲಿಲ್ಲ. ರಾತ್ರಿ ಸೈಕಲ್ ಓಡಿಸಿದ್ದನ್ನು ಹೇಳುವಾಗ ಮಾತ್ರ ಅವನ ಮುಖ ಅರಳುತ್ತಿತ್ತು. ಆ ಸಂತೋಷ ಅವನಿಗೆ ಹಗಲಲ್ಲಿ, ಕದಿಯದೆ ಸಿಗಲಿ ಎಂಬುದು ನನ್ನ ಆಸೆ. ಈ ಸಲಹೆಯನ್ನು ಇಂದೂ ಕೊಡುತ್ತೇನೆ.

ಎರಡು ತಿಂಗಳ ಮೇಲೆ ಮನೆಗೆ ಹೋದೆ. ಹುಡುಗ ಮೈದಾನದಲ್ಲಿದ್ದ. ಬಾಗಿಲಲ್ಲಿ ಒಂಬತ್ತು ವರ್ಷದ ತಂಗಿ ನಿಂತಿದ್ದಳು, ಸೊಂಟದ ಮೇಲೆ ಮಗು. ಅವನ ಭಾರ ಇಳಿಸಿದಾಗ ಅದು ಯಾರ ಮೇಲೆ ಹೋಗುತ್ತದೆ ಎಂದು ನಾನು ಕೇಳಿಯೇ ಇರಲಿಲ್ಲ.

ತಾಯಿ ಈಗ ಒಂದೇ ಸೈಟಿನಲ್ಲಿ ಕಾಯಂ ಕೆಲಸಕ್ಕಿದ್ದಾರೆ. 50ಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ಕಡೆ, 6 ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಲೇಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು; 2025ರಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಅದರ ಜಾಗಕ್ಕೆ ಬಂದವು. ನಿಮ್ಮಲ್ಲಿ ಎಷ್ಟು ಹೆಂಗಸರಿದ್ದೀರಿ ಎಂದು ಕೇಳಿದೆ. ಅವರು ಬೆರಳು ಮಡಚುತ್ತಾ ಎಣಿಸಿದರು.

“ಅರವತ್ತರ ಮ್ಯಾಲ ಅದೀವ್ರಿ.”

“ಕೋಣೆ ಇದೆಯಾ?”

“ಐತ್ರಿ. ಸಿಮೆಂಟ್ ಇಟ್ಟಾರ.”

ಬುಧವಾರ ನಾನೂ ಅವರ ಜೊತೆ ಸೈಟಿಗೆ ಹೋಗುತ್ತಿದ್ದೇನೆ.