ಏರುವ ಪಿಎಚ್, ಹಳದಿಯಾಗುವ ಎಲೆ
ಪ್ರಶ್ನೆ: ತಾರಸಿಯಲ್ಲಿ ಕೊಳವೆಬಾವಿ ನೀರಿನಿಂದ, ಮಣ್ಣಿಲ್ಲದೆ, ಲೆಟ್ಯೂಸ್ ಬೆಳೆಸುತ್ತಿದ್ದೇನೆ. ನೀರಿನ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) ಅನ್ನು 6ಕ್ಕೆ ಇಳಿಸಿದರೂ ಮತ್ತೆ 7.5 ದಾಟುತ್ತದೆ, ಎಳೆಯ ಎಲೆಗಳು ಹಳದಿಯಾಗುತ್ತಿವೆ. ಪರಿಹಾರವೇನು?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ನೀರಿನಲ್ಲಿ ಬೈಕಾರ್ಬನೇಟ್ (ಕ್ಷಾರಗುಣದ ಲವಣಾಂಶ) ಹೆಚ್ಚಿರುವ ಸಾಧ್ಯತೆಯಿದೆ, ಹಾಕಿದ ಆಮ್ಲವನ್ನು ಅದು ತಟಸ್ಥಗೊಳಿಸುವುದರಿಂದ ಪಿಎಚ್ ಪುನಃ ಏರುತ್ತದೆ. ಪಿಎಚ್ 5.5ರಿಂದ 6.5ರೊಳಗಿರಬೇಕು, ಅದನ್ನು ಮೀರಿದರೆ ಪೋಷಕಾಂಶ ಕರಗಿಸಿದ ನೀರಿನಲ್ಲಿರುವ (ದ್ರಾವಣದಲ್ಲಿರುವ) ಕಬ್ಬಿಣವೂ ಬೇರಿಗೆ ದಕ್ಕುವುದಿಲ್ಲ. ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ ಕಾರಣ ಬಹುತೇಕ ಇದೇ. ಇನ್ನಷ್ಟು ಗೊಬ್ಬರ ಸುರಿಯಬೇಡಿ. ಬೈಕಾರ್ಬನೇಟ್ ತಗ್ಗಿಸಲು, ಮೊದಲ ಮಳೆಯ ನೀರನ್ನು ಬಿಟ್ಟು, ನಂತರದ್ದನ್ನು ಸೋಸಿ ಕೊಳವೆಬಾವಿ ನೀರಿಗೆ ಅರ್ಧಕ್ಕರ್ಧ ಬೆರೆಸಿ, ಪೋಷಕಾಂಶ ಕರಗಿಸಿದ ಮೇಲೆಯೇ ಪಿಎಚ್ ಅಳೆದು, ಅಗತ್ಯವಿದ್ದಷ್ಟು ಫಾಸ್ಫಾರಿಕ್ ಆಮ್ಲವನ್ನು (ಕೈಗವಸು ಮರೆಯಬೇಡಿ) ಹನಿಹನಿಯಾಗಿ ಸೇರಿಸಿ. ನಿಂಬೆರಸವನ್ನು ಹಲವರು ಸೂಚಿಸುತ್ತಾರಾದರೂ, ಅದರ ಸಿಟ್ರಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳು ಬೇಗನೆ ವಿಘಟಿಸುವುದರಿಂದ ನಾನದನ್ನು ಒಪ್ಪುವುದಿಲ್ಲ. ಎರಡು ವಾರಕ್ಕೊಮ್ಮೆ ದ್ರಾವಣವನ್ನು ಪೂರ್ತಿ ಬದಲಿಸಿ.