ನಮ್ಮೂರಿನ ರೋಗಿಗಳು ಬೆಂಗಳೂರಿಗೇ ಯಾಕೆ ಬರುತ್ತಾರೆ

ನೀನು ಆವತ್ತು ಕೇಳಿದೆಯಲ್ಲ, "ನಿಮ್ಮದು ತಮಿಳುನಾಡು ಅಲ್ವಾ? ಅಲ್ಲಿ ಸರ್ಕಾರಿ ಆಸ್ಪತ್ರೆಗಳು ಚೆನ್ನಾಗಿವೆ ಅಂತಾರೆ. ಮತ್ತೆ ನಿಮ್ಮವರೆಲ್ಲ ಸುಮ್ನೆ ಬೆಂಗಳೂರಿಗೆ ಬಂದು ಇಲ್ಲಿನ ಕ್ಯೂ ಯಾಕೆ ಉದ್ದ ಮಾಡ್ತಾರೆ?" ಅಂತ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ ಅಂತ ನನಗೆ ಗೊತ್ತು. ಆದರೂ ಚುಚ್ಚಿತು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹೇಳಿ ಮುಗಿಯುವ ಉತ್ತರ ಇದಕ್ಕಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮೂರು ತಾಳವಾಡಿ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ್ದು ನಿಜ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ನಾವು ಆಡುವುದು ಕನ್ನಡ. ಡಾ. ರಾಜ್‌ಕುಮಾರ್ ಅವರ ಗಾಜನೂರು ನಮ್ಮ ತಾಲ್ಲೂಕಿನಲ್ಲೇ ಇದೆ. 2000ದ ಜುಲೈ 30ರ ರಾತ್ರಿ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿಕೊಂಡು ಹೋದದ್ದು ಅಲ್ಲಿಂದಲೇ. ದೀಪಾವಳಿ ಆದಮೇಲೆ ಗುಮಟಾಪುರದಲ್ಲಿ ಸಗಣಿ ಎರಚಾಡುವ ಗೋರೆಹಬ್ಬಕ್ಕೆ ಒಮ್ಮೆ ಬಾ, ಯಾವ ಭಾಷೆಯಲ್ಲಿ ಬೈದಾಡುತ್ತಾರೆ ಅಂತ ನೀನೇ ಕೇಳಿಸಿಕೊಳ್ಳಬಹುದು. 1956ರವರೆಗೆ ಕೊಳ್ಳೇಗಾಲವೂ ನಮ್ಮ ಹಾಗೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯಗಳನ್ನು ವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರಿಗೆ ಬಂತು. ನಾವು ಮದರಾಸಿನಲ್ಲೇ ಉಳಿದೆವು.

ಈಗ ದಾರಿಯ ವಿಷಯಕ್ಕೆ ಬರುತ್ತೇನೆ. ನಮ್ಮೂರು ಇರುವುದು ಬೆಟ್ಟದ ಮೇಲೆ, ಚಾಮರಾಜನಗರದ ಮಗ್ಗುಲಿಗೆ. ಚಾಮರಾಜನಗರ 20 ಚಿಲ್ಲರೆ ಕಿಲೋಮೀಟರ್, ದಾರಿ ಬಹುತೇಕ ಸಮತಟ್ಟು. ನಮ್ಮ ಜಿಲ್ಲಾ ಕೇಂದ್ರ ಈರೋಡ್ 100 ಕಿಲೋಮೀಟರ್ ದಾಟುತ್ತದೆ. ಅಲ್ಲಿಗೆ ಹೋಗಬೇಕಾದರೆ ಸತ್ಯಮಂಗಲ ಹುಲಿ ಮೀಸಲು ಕಾಡಿನ ನಡುವೆ ದಿಂಬಂ ಘಾಟಿ ಇಳಿಯಬೇಕು. 27 ತಿರುವು. ಯಾವುದಾದರೂ ತಿರುವಿನಲ್ಲಿ ಲಾರಿ ಸಿಕ್ಕಿಕೊಂಡರೆ ಹಿಂದೆ ಇರುವ ಗಾಡಿಗಳೆಲ್ಲ ಅಲ್ಲೇ. 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೂ ನಿರ್ಬಂಧ ಇದೆ. ಆಂಬುಲೆನ್ಸ್ ಬಿಡುತ್ತಾರೆ, ಅದು ಸರಿ. ಆದರೆ ಎದೆನೋವು ಬಂದವರನ್ನು ಆ ತಿರುವುಗಳಲ್ಲಿ ಇಳಿಸಿಕೊಂಡು ಹೋಗೋಣ ಅಂತ ಯಾರಿಗೆ ಮನಸ್ಸು ಬರುತ್ತದೆ ಹೇಳು?

ತಮಿಳುನಾಡು ನಮಗೆ ಏನೂ ಮಾಡಿಲ್ಲ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅದು ಸುಳ್ಳಾಗುತ್ತದೆ. ಬಿಪಿ, ಶುಗರ್ ಮಾತ್ರೆ ಮನೆ ಬಾಗಿಲಿಗೆ ತಂದುಕೊಡುವ ಯೋಜನೆಯನ್ನು ಅವರು 2021ರಲ್ಲಿ ಶುರು ಮಾಡಿದರು. ಅದರ ಹೆಸರು ಮಕ್ಕಳೈ ತೇಡಿ ಮರುತ್ತುವಂ. ಔಷಧಿ ಖರೀದಿಗೆ ಅಂತಲೇ 1990ರ ದಶಕದಲ್ಲಿ ಒಂದು ನಿಗಮ ಕಟ್ಟಿದರು, ಅದನ್ನು ನೋಡಿ ಬೇರೆ ರಾಜ್ಯಗಳು ಕಲಿತವು. ಹೆರಿಗೆ, ಜ್ವರ, ನಾಯಿ ಕಡಿತಕ್ಕೆಲ್ಲ ನಮಗೆ ಊರಿನ ಸರ್ಕಾರಿ ಆಸ್ಪತ್ರೆಯೇ ಗತಿ. ಅದರ ಬಗ್ಗೆ ನನಗೆ ಹೆಮ್ಮೆಯೂ ಇದೆ.

ಕಷ್ಟ ಶುರುವಾಗುವುದು ಕಾಯಿಲೆ ದೊಡ್ಡದಾದಾಗ. ದೊಡ್ಡ ಕಾಯಿಲೆಗೆ ಆಸ್ಪತ್ರೆ ಮಾತ್ರ ಸಾಲದು. ಜೊತೆಗೆ ಇರುವವರು ಮಲಗಲು ಜಾಗ ಬೇಕು, ಊಟ ಬೇಕು, ರಿಪೋರ್ಟ್ ತರಲು ಓಡಾಡುವ ಒಂದು ಹುಡುಗ ಬೇಕು. ನಮ್ಮ ಕಡೆ ಒಂದೊಂದು ಮನೆಯಿಂದ ಒಬ್ಬರಾದರೂ ಬೆಂಗಳೂರಿನಲ್ಲಿದ್ದಾರೆ. ಗಾರೆ ಕೆಲಸ, ಗಾರ್ಮೆಂಟ್ಸ್, ಸೆಕ್ಯುರಿಟಿ, ನನ್ನ ಹಾಗೆ ಆಫೀಸು. ಕೊಯಮತ್ತೂರಿನಲ್ಲಿ ನಮಗೆ ಯಾರಿದ್ದಾರೆ? ನಮ್ಮ ಅತ್ತೆಗೆ ಬರುವ ತಮಿಳು ಸಂತೆಯಲ್ಲಿ ಬೆಳ್ಳುಳ್ಳಿ ಮಾರಲು ಸಾಕು. ನೋವು ಎಲ್ಲಿ ಶುರುವಾಗಿ ಎಲ್ಲಿಗೆ ಇಳಿಯುತ್ತದೆ, ರಾತ್ರಿ ಎಷ್ಟು ಹೊತ್ತಿಗೆ ಜಾಸ್ತಿ ಆಗುತ್ತದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಲು ಅದು ಸಾಲದು. ಹಾಗಾಗಿ ಚಾಮರಾಜನಗರ, ಅಲ್ಲಿಂದ ಮೈಸೂರು, ಕೊನೆಗೆ ಬೆಂಗಳೂರು. ಕಿದ್ವಾಯಿ, ಜಯದೇವ, ನಿಮ್ಹಾನ್ಸ್, ವಿಕ್ಟೋರಿಯಾ ಅಂದರೆ ನಮ್ಮೂರಿನ ಮಕ್ಕಳಿಗೂ ಗೊತ್ತು. ಮೆಜೆಸ್ಟಿಕ್ ಗೊತ್ತಿಲ್ಲದವರಿಗೂ ಗೊತ್ತು.

ಇಲ್ಲಿಗೆ ಬಂದ ಮೇಲೆ ಕಾರ್ಡಿನ ಕಥೆ. ನಾವು ಪದೇ ಪದೇ ಸಿಕ್ಕಿಕೊಳ್ಳುವ ಗಂಟು ಇದೇ. ನೀನು ಕ್ಯೂ ಅಂದೆಯಲ್ಲ, ಕ್ಯೂ ನಮಗೆ ಕಷ್ಟವೇ ಅಲ್ಲ. ಕ್ಯೂ ಮುಗಿದು ಕೌಂಟರ್ ಮುಂದೆ ನಿಂತಾಗ ನಿಜವಾದ ಕಷ್ಟ ಶುರು.

ಅತ್ತೆ ಹೊಲದ ಬದುವಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕೀಲು ಬದಲಿಸಬೇಕು ಅಂದರು. ಇಲ್ಲಿನ ಒಂದು ಆಸ್ಪತ್ರೆಗೆ ಕರೆತಂದೆವು. ಕೌಂಟರಿನ ಹುಡುಗಿ ಒಳ್ಳೆಯವಳೇ, "ಅಜ್ಜಿ, ಬಿಪಿಎಲ್ ಕಾರ್ಡ್ ಕೊಡಿ" ಅಂದಳು. ಅತ್ತೆ ಸೆರಗಿನ ಗಂಟಿನಿಂದ ತಮ್ಮ ರೇಷನ್ ಕಾರ್ಡ್ ತೆಗೆದುಕೊಟ್ಟರು. ತಮಿಳುನಾಡಿನದು ಎಟಿಎಂ ಕಾರ್ಡಿನಷ್ಟು ದೊಡ್ಡ ಸ್ಮಾರ್ಟ್ ಕಾರ್ಡ್. ಮೇಲೆಲ್ಲ ತಮಿಳು ಅಕ್ಷರ. ಆ ಹುಡುಗಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದರಲ್ಲಿ ಬಿಪಿಎಲ್ ಅಂತ ಎಲ್ಲಿದೆ?"

ಎಲ್ಲೂ ಇಲ್ಲ. ಯಾಕಂದರೆ ತಮಿಳುನಾಡಿನಲ್ಲಿ ರೇಷನ್ ಬಡವರಿಗೆ ಮಾತ್ರ ಅಂತ ಮಾಡಿಲ್ಲ. ಅಲ್ಲಿ ಕಾರ್ಡಿನ ಮೇಲೆ ಇರುವುದು ಪಿಎಚ್‌ಎಚ್, ಎನ್‌ಪಿಎಚ್‌ಎಚ್ ಅನ್ನುವ ಗುರುತುಗಳು. ಪಿಎಚ್‌ಎಚ್ ಅಂದರೆ ಆದ್ಯತೆಯ ಕುಟುಂಬ, ಎನ್‌ಪಿಎಚ್‌ಎಚ್ ಅಂದರೆ ಆದ್ಯತೆ ಇಲ್ಲದ್ದು. ಅದನ್ನು ಆ ಹುಡುಗಿಗೆ ಹೇಳಿದೆ. ಅವಳು ಮೇಲಿನವರನ್ನು ಕೇಳಿದಳು. ಅವರು ಬಂದು "ಇದು ಹೊರರಾಜ್ಯ, ನಮ್ಮ ಸಿಸ್ಟಂನಲ್ಲಿ ತಗೊಳ್ಳೋದಿಲ್ಲ" ಅಂದರು. ಹಿಂದೆ ನಿಂತವರು ಬೇಗ ಬೇಗ ಅನ್ನುತ್ತಿದ್ದರು. ಅತ್ತೆ ಗಾಲಿಕುರ್ಚಿಯಲ್ಲಿ ಕೂತು, ಇದೇ ಕನ್ನಡದಲ್ಲಿ, "ಏನಂತೆ ಮಗ?" ಅಂತ ಕೇಳುತ್ತಿದ್ದರು.

ಕರ್ನಾಟಕದ ಲೆಕ್ಕ ಹೀಗಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೂ ಪ್ಯಾಕೇಜ್ ದರದ ಶೇ 30ರಷ್ಟು ಸರ್ಕಾರ ಕೊಡುತ್ತದೆ, 1.5 ಲಕ್ಷದವರೆಗೆ. ಅತ್ತೆಯ ಹೆಸರು ಈ ಎರಡರಲ್ಲೂ ಬರುವುದಿಲ್ಲ. ತಮಿಳುನಾಡಿನ ಮುಖ್ಯಮಂತ್ರಿ ವಿಮೆಯಲ್ಲೂ ವರ್ಷಕ್ಕೆ 5 ಲಕ್ಷ ಇದೆ. ಅದಕ್ಕೆ ಗ್ರಾಮ ಆಡಳಿತ ಅಧಿಕಾರಿಯಿಂದ ಆದಾಯದ ಪತ್ರ ತಗೊಂಡು, ಜಿಲ್ಲಾಧಿಕಾರಿ ಕಚೇರಿಯ ಕೇಂದ್ರಕ್ಕೆ ಹೋಗಿ ಹೆಸರು ಬರೆಸಬೇಕು. ಜಿಲ್ಲಾಧಿಕಾರಿ ಕಚೇರಿ ಅಂದರೆ ಮತ್ತೆ ಆ 27 ತಿರುವು. ಬರೆಸಿದರೂ ಆ ಕಾರ್ಡು ನಡೆಯುವ ಆಸ್ಪತ್ರೆಗಳು ಹೆಚ್ಚಾಗಿ ಘಾಟಿಯ ಕೆಳಗಿವೆ.

ಕೇಂದ್ರದ ಆಯುಷ್ಮಾನ್ ಕಾರ್ಡ್ ದೇಶದ ಎಲ್ಲಿ ಬೇಕಾದರೂ ನಡೆಯುತ್ತದಲ್ಲ ಅಂತ ನೀನು ಕೇಳಬಹುದು. 2018ರಲ್ಲಿ ಯೋಜನೆ ಶುರುವಾದಾಗ ಹೇಳಿದ್ದು ಹಾಗೇ. ಆದರೆ ಅದರ ಪಟ್ಟಿ ಮುಖ್ಯವಾಗಿ ನಿಂತಿರುವುದು 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿಯ ಮೇಲೆ. ಅದರಲ್ಲಿ ಹೆಸರಿದ್ದವರಿಗೆ ದಾರಿ ಇದೆ. ಅತ್ತೆಯ ಹೆಸರು ಇರಲಿಲ್ಲ. ಮಗ ಬೇರೆಯಾದ ಮನೆ, ಗಂಡ ತೀರಿಕೊಂಡ ಮನೆ, ಆಮೇಲೆ ಬಡತನಕ್ಕೆ ಬಿದ್ದ ಮನೆ, ಇವೆಲ್ಲ ಆ ಪಟ್ಟಿಯಲ್ಲಿ ಹೇಗೆ ಬರಬೇಕು? ಕೊನೆಗೆ ಮನೆಮಂದಿ ಸೇರಿ ಸಾಲ ಮಾಡಿದೆವು. ಆಪರೇಷನ್ ಆಯಿತು, ಅತ್ತೆ ಈಗ ಕೋಲು ಹಿಡಿದು ಓಡಾಡುತ್ತಾರೆ. ಹಸು ಮಾತ್ರ ಇಲ್ಲ, ಮಾರಿದರು.

ಅಕ್ಕಿಯ ವಿಷಯ ನೋಡು. ಒಂದೇ ದೇಶ ಒಂದೇ ರೇಷನ್ ಕಾರ್ಡ್ ಬಂದ ಮೇಲೆ, ಅದೇ ಪಿಎಚ್‌ಎಚ್ ಕಾರ್ಡಿನವರು ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಅಕ್ಕಿ ತಗೊಳ್ಳಬಹುದು. ಅಂಗಡಿಯ ಮಷೀನಿಗೆ ಅವರು ಬಡವರು ಅಂತ ಗೊತ್ತಾಗುತ್ತದೆ. ಆಸ್ಪತ್ರೆಯ ಕಂಪ್ಯೂಟರಿಗೆ ಯಾಕೆ ಗೊತ್ತಾಗಬಾರದು? ಎರಡಕ್ಕೂ ಇರುವುದು ಅದೇ ಆಧಾರ್ ಅಲ್ವಾ?

ಇನ್ನು ಸಣ್ಣಪುಟ್ಟವು ಬೇಕಾದಷ್ಟಿವೆ. ಚಾಮರಾಜನಗರದಲ್ಲಿ ಬಸ್ ಹತ್ತಿದರೆ ಚಿಕ್ಕಮ್ಮನಿಗೆ ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಪ್ರಯಾಣ, ಪಕ್ಕದಲ್ಲಿ ಕೂತ ಅವರ ಸ್ವಂತ ಅಕ್ಕನಿಗೆ ಪೂರ್ತಿ ಟಿಕೆಟ್. ಒಬ್ಬರನ್ನು ಗಡಿ ಗೆರೆಯ ಈ ಕಡೆ ಮದುವೆ ಮಾಡಿ ಕೊಟ್ಟಿದ್ದರು, ಇನ್ನೊಬ್ಬರನ್ನು ಆ ಕಡೆ. ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದರೆ ಇಲ್ಲಿ ತಾಯಿ ಕಾರ್ಡ್ ಕೇಳುತ್ತಾರೆ, ಅಲ್ಲಿ ಗರ್ಭಿಣಿಯರ ನೋಂದಣಿ ನಂಬರ್ ಬೇರೆಯೇ ಇದೆ. ಹೆರಿಗೆಯ ಸಹಾಯಧನ ಯಾವ ಸರ್ಕಾರದ್ದು ಅಂತ ಕೇಳಿಕೊಂಡು ಓಡಾಡುವಷ್ಟರಲ್ಲಿ ಮಗು ಅಂಬೆಗಾಲಿಡುತ್ತಿರುತ್ತದೆ.

ಇದು ನಮ್ಮೊಬ್ಬರದೇ ಗೋಳಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿಯ ಗಡಿ ಮುಚ್ಚಿದಾಗ ಕಾಸರಗೋಡಿನವರಿಗೆ ಮಂಗಳೂರಿನ ಆಸ್ಪತ್ರೆಗಳು ದೂರವಾದವು. ದಿನವೂ ಹೋಗಿ ಬರುತ್ತಿದ್ದ ದಾರಿಯಲ್ಲಿ ಆಂಬುಲೆನ್ಸ್ ವಾಪಸ್ ಹೋಗಬೇಕಾಯಿತು, ಜೀವಗಳು ಹೋದವು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಆ ಸುದ್ದಿ ನೋಡಿದಾಗ ನಮ್ಮೂರಿನಲ್ಲಿ ಯಾರಿಗೂ ಊಟ ಸೇರಲಿಲ್ಲ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಗಡಿಯಲ್ಲಿರುವ ಕರ್ನಾಟಕದ 865 ಹಳ್ಳಿಗಳಿಗೆ ತನ್ನ ಆರೋಗ್ಯ ವಿಮೆ ಕೊಡುತ್ತೇನೆ ಅಂದಾಗ ಇಲ್ಲಿ ಗಲಾಟೆಯಾಯಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ನೆಲದ ತಕರಾರಿಗೆ ರೋಗಿಗಳನ್ನು ಗುರಾಣಿ ಮಾಡಬಾರದು. ಆದರೆ ಒಂದು ರಾಜ್ಯ ಮನಸ್ಸು ಮಾಡಿದರೆ ಗೆರೆಯಾಚೆಗೂ ವಿಮೆ ಕೊಡಲು ಮುಂದಾಗಬಹುದು ಅಂತ ಅದರಿಂದ ಗೊತ್ತಾಯಿತು. ಕದ್ದುಮುಚ್ಚಿ ಬೇಡ, ಜಗಳ ಮಾಡಿಕೊಂಡೂ ಬೇಡ. ಎರಡು ರಾಜ್ಯದ ಆರೋಗ್ಯ ಇಲಾಖೆಗಳು ಒಂದು ಮೇಜಿನಲ್ಲಿ ಕೂತು, ಈ ತಾಲ್ಲೂಕಿನವರಿಗೆ ಈ ಆಸ್ಪತ್ರೆ ಹತ್ತಿರ, ಬಿಲ್ ನೀವು ಕಳಿಸಿ ನಾವು ಕಟ್ಟುತ್ತೇವೆ ಅಂತ ಬರೆದುಕೊಂಡರೆ ಸಾಕು. ತಮಿಳುನಾಡು ಹೇಗೂ ನಮ್ಮ ಹೆಸರಿನಲ್ಲಿ ದುಡ್ಡು ಎತ್ತಿಟ್ಟಿದೆ. ಕರ್ನಾಟಕಕ್ಕೆ ಇದರಿಂದ ಹೊರೆ ಆಗಬೇಕಾಗಿಯೇ ಇಲ್ಲ.

ನಮ್ಮವರು ಇಲ್ಲಿ ಪುಕ್ಕಟೆ ತಿನ್ನಲು ಬಂದವರು ಅನ್ನುವ ಮಾತು ನನಗೆ ತುಂಬಾ ನೋವು ಕೊಡುತ್ತದೆ. ಕೋಲಾರದವರು ವೆಲ್ಲೂರಿನ ಆಸ್ಪತ್ರೆಗೆ ಹೋಗುತ್ತಾರೆ, ಯಾರೂ ಏನೂ ಅನ್ನುವುದಿಲ್ಲ, ಅನ್ನಲೂಬಾರದು. ನಮ್ಮೂರಿನ ಹುಡುಗರು ಕಟ್ಟಿದ ಗೋಡೆಗಳು ಬೆಂಗಳೂರಿನಲ್ಲಿ ಎಷ್ಟಿವೆ ಗೊತ್ತಾ? ನಮ್ಮ ಕಡೆಯ ತರಕಾರಿ ಇಲ್ಲಿನ ಮಾರ್ಕೆಟ್ಟಿಗೂ ಬರುತ್ತದೆ. ನವೆಂಬರ್ 1 ಬಂದರೆ ಗಡಿನಾಡ ಕನ್ನಡಿಗರು ಅಂತ ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಆ ಪ್ರೀತಿಯನ್ನು ನಾನು ಹಗುರವಾಗಿ ನೋಡುವುದಿಲ್ಲ. ನಮ್ಮ ಕನ್ನಡ ಶಾಲೆಗಳು ಉಳಿದಿರುವುದರಲ್ಲಿ ಅದರ ಪಾಲೂ ಇದೆ.

ಅದಕ್ಕೇ ನಾನು ಕೇಳುವುದು ಒಂದೇ. ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅಂತ ಬೇರೆ ಅವಕಾಶ ಇದೆ. ಪ್ರಮಾಣಪತ್ರ ಕೊಟ್ಟು, ಕನ್ನಡ ಪರೀಕ್ಷೆ ಬರೆದು ನಮ್ಮ ಮಕ್ಕಳು ಇಲ್ಲಿನ ಕಾಲೇಜು ಸೀಟಿಗೆ ಅರ್ಜಿ ಹಾಕುತ್ತಾರೆ. ಅಲ್ಲಿ ಒಪ್ಪಿಕೊಂಡ ಮೇಲೆ, ಅದೇ ಮನೆಯ ಅಜ್ಜಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಬಂದಾಗ ಮಾತ್ರ ಹೊರರಾಜ್ಯದವಳು ಹೇಗಾಗುತ್ತಾಳೆ?

ನಿನ್ನ ಭಾವ ಆರೋಗ್ಯ ಇಲಾಖೆಯಲ್ಲಿದ್ದಾರೆ ಅಂದಿದ್ದೆ. ಅವರಿಗೆ ಇದನ್ನು ಓದಲು ಕೊಡು. ಆ ಪ್ರಮಾಣಪತ್ರವನ್ನು ಆಸ್ಪತ್ರೆ ಕೌಂಟರಿನಲ್ಲಿ ಒಪ್ಪಿಕೊಳ್ಳಲು ಯಾವ ಆದೇಶ ಬೇಕು, ಯಾರು ಸಹಿ ಮಾಡಬೇಕು ಅಂತ ಕೇಳು. ಪಿಎಚ್‌ಎಚ್ ಅಂದರೆ ಏನು ಅಂತ ಕೌಂಟರಿನವರಿಗೆ ತಿಳಿಸುವ ಒಂದು ಸುತ್ತೋಲೆಯಾದರೂ ಹೊರಡಿಸಬಹುದಾ ಅಂತ ಕೇಳು. ಅರ್ಜಿ ನಾನು ಬರೆದುಕೊಡುತ್ತೇನೆ, ಊರಿನವರ ಸಹಿಗಳನ್ನೂ ತರುತ್ತೇನೆ.